ಪೂಜೆಗಿಟ್ಟ ಮಲ್ಟಿಮೀಟರ್

ಯೂಟ್ಯೂಬ್ ನೋಡಿ ಮೆಕ್ಯಾನಿಕ್ ಆದವನಿಗೆ ಮೊದಲು ಬರುವುದು ಕೆಲಸವಲ್ಲ, ಉಪದೇಶ. ನನಗೂ ಹಾಗೇ ಆಯಿತು. ಹಗಲು ಬಹ್ರೇನಿನ ಸೀಫ್ ಪೇಟೆಯ ಆಫೀಸಿನಲ್ಲಿ ಇನ್‌ವಾಯ್ಸ್ ಟೈಪ್ ಮಾಡುವ ನಾನು, ಸಂಜೆಯಾದರೆ ಬುಸೈತೀನಿನ ನಮ್ಮ ಬಿಲ್ಡಿಂಗಿನ ಪಾರ್ಕಿಂಗಿನಲ್ಲಿ ಹಳೇ ಟೂ-ಸ್ಟ್ರೋಕ್ ಬೈಕಿನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಕೇಳಿದವರಿಗೂ ಕೇಳದವರಿಗೂ ಪಾಠ ಹೇಳುತ್ತೇನೆ: ಎಂಜಿನ್ ಸ್ಟಾರ್ಟ್ ಆಗಲು ಮೂರೇ ಬೇಕು, ಪೆಟ್ರೋಲು, ಗಾಳಿ, ಕಿಡಿ. ಈ ವಿದ್ಯೆಯ ಹಿಂದೆ ಒಂದು ಇತಿಹಾಸವೂ ಇದೆ. ಶಾಲೆಗೆ ಹೋಗುವಾಗ ಅಮ್ಮನ ಮಿಕ್ಸಿ ಬಿಚ್ಚಿದ್ದೆ. ತಿರುಗಿ ಜೋಡಿಸಿದಾಗ ಒಂದು ಸ್ಕ್ರೂ ಉಳಿಯಿತು, ಮಿಕ್ಸಿ ಉಳಿಯಲಿಲ್ಲ.

ಬೈಕು ಹಿದ್ದ್ ಎಂಬ ಊರಿನ ಗೋಡೌನೊಂದರ ಮೂಲೆಯಲ್ಲಿ ಧೂಳು ತಿನ್ನುತ್ತಿತ್ತು. ನಾನು ಅದನ್ನು ತಂದ ದಿನದಿಂದ ಹೆಂಡತಿ ವಿದ್ಯಾಳ ಕಣ್ಣು ಅದು ನಿಂತ ಜಾಗದ ಮೇಲಿದೆ. ಅವಳು ನರ್ಸ್, ಡ್ರೈವಿಂಗ್ ಕಲಿಯುತ್ತಿದ್ದಾಳೆ, ನಾಳೆ ಕಾರು ಬಂದರೆ ನೆರಳಿರುವುದು ಅದೊಂದೇ ಜಾಗ. ವಾದ ಬೆಳೆದು ಕೊನೆಗೆ ಒಪ್ಪಂದವಾಯಿತು. ಆಯುಧ ಪೂಜೆಯ ದಿನ ಬೈಕು ಯಾರೂ ತಳ್ಳದೆ ಲಿಂಬೆಹಣ್ಣು ದಾಟಿದರೆ ಇರಲಿ, ಇಲ್ಲವಾದರೆ ಮರುದಿನವೇ ಗುಜರಿಗೆ.

ನನಗೆ ನಗು ಬಂತು. ಬೈಕು ಆಗ ಚೆನ್ನಾಗಿಯೇ ಓಡುತ್ತಿತ್ತು. ಹಬ್ಬಕ್ಕೆ ಹೊಸ ಬಟ್ಟೆ ತೊಡಿಸುವ ಉತ್ಸಾಹದಲ್ಲಿ ಪೂರ್ತಿ ಬಿಚ್ಚಿ, ಚಾಸಿಗೆ ಕಪ್ಪು ಬಣ್ಣ ಹೊಡೆದೆ. ಒಂದು ಕೋಟ್ ಸಾಕಿತ್ತು, ಮೂರು ಹೊಡೆದೆ. ಪೂಜೆಯ ಹಿಂದಿನ ಸಂಜೆ ಜೋಡಿಸಿ ಮುಗಿಸುವಷ್ಟರಲ್ಲಿ ಪಕ್ಕದ ಮನೆಯ ಮಗು ಮಲಗಿತ್ತು, ಸ್ಟಾರ್ಟ್ ಮಾಡಿ ನೋಡಲಿಲ್ಲ. ಸ್ಪ್ಯಾನರ್, ಸ್ಕ್ರೂಡ್ರೈವರ್, ಕರೆಂಟು ಅಳೆಯುವ ಮಲ್ಟಿಮೀಟರ್ ಎಲ್ಲವನ್ನೂ ವಿದ್ಯಾ ಒರೆಸಿ ದೇವರ ಮುಂದೆ ಸಾಲಾಗಿ ಇಟ್ಟಳು.

ಮರುದಿನ ಪಾರ್ಕಿಂಗಿನಲ್ಲಿ ಬಿಲ್ಡಿಂಗಿನ ಜನ ಸೇರಿದರು. ಮೇಲಿನ ಮನೆಯ ಲ್ಯಾನ್ಸಿಯಣ್ಣ, ಕ್ರಿಸ್ಮಸ್ಸಿಗೆ ನಮಗೆ ಕುಸ್ವಾರ್ ತಿಂಡಿ ಕಳಿಸುವವರು, ಗೋಳಿಬಜೆಯ ಆಸೆಗೆ ಎಲ್ಲರಿಗಿಂತ ಮೊದಲೇ ಬಂದಿದ್ದರು. ಆರತಿಯಾಯಿತು, ಚಕ್ರದಡಿಗೆ ಲಿಂಬೆ ಬಂತು. ಗತ್ತಿನಿಂದ ಕಿಕ್ ಹೊಡೆದೆ. ಬೈಕು ಕೆಮ್ಮಲೂ ಇಲ್ಲ. ಮತ್ತೆ ಮತ್ತೆ ಹೊಡೆದೆ. ಹಾಕಿಕೊಂಡ ಹೊಸ ಅಂಗಿ ಬೆನ್ನಿಗೆ ಅಂಟಿತು.

"ಪೆಟ್ರೋಲ್ ಉಂಟಾ ಮಾರಾಯ?" ಎಂದರು ಲ್ಯಾನ್ಸಿಯಣ್ಣ.

ಪೆಟ್ರೋಲು ಇತ್ತು, ಗಾಳಿಗೆ ಬಹ್ರೇನಿನಲ್ಲಿ ಬರವಿಲ್ಲ. ಹಾಗಾದರೆ ಕಿಡಿಯೇ ಇಲ್ಲ ಎಂದು ಸಭೆಗೆ ವಿವರಿಸಿ, ಸಾಮಾನು ತರಲು ಮೆಟ್ಟಿಲಿನತ್ತ ಹೊರಟೆ. ವಿದ್ಯಾ ಆರತಿತಟ್ಟೆ ಹಿಡಿದೇ ಅಡ್ಡ ನಿಂತಳು.

"ಪೂಜೆಗೆ ಇಟ್ಟದ್ದನ್ನು ಇವತ್ತು ಮುಟ್ಲಿಕ್ಕಿಲ್ಲ. ನಿಮಗೆ ಗೊತ್ತುಂಟಲ್ಲ."

ಗೊತ್ತಿತ್ತು. ಊರಲ್ಲಿ ಹಬ್ಬದ ದಿನ ಪುಸ್ತಕ ಮುಟ್ಟಬಾರದೆಂಬ ನಿಯಮವನ್ನು ನನ್ನಷ್ಟು ಶ್ರದ್ಧೆಯಿಂದ ಪಾಲಿಸಿದ ವಿದ್ಯಾರ್ಥಿ ಬೇರೆ ಇರಲಿಲ್ಲ. ಈಗ ಆ ನಿಯಮ ನನ್ನನ್ನೇ ಹುಡುಕಿಕೊಂಡು ಸಮುದ್ರ ದಾಟಿ ಬಂದಿತ್ತು. ಅವಳ ಮುಖದಲ್ಲಿ ಭಕ್ತಿ ಎಷ್ಟು, ಪಾರ್ಕಿಂಗ್ ಎಷ್ಟು ಎಂದು ಅಳೆಯಲು ನನ್ನಲ್ಲಿ ಮೀಟರ್ ಇರಲಿಲ್ಲ.

ಬರಿಗೈಯಲ್ಲೇ ಹುಡುಕಲು ಕೂತೆ. ಲ್ಯಾನ್ಸಿಯಣ್ಣನಿಗೆ ಕಿಕ್ ಹೊಡೆಯಲು ಹೇಳಿ, ಟ್ಯಾಂಕಿನ ಕೆಳಗೆ ಕಿಡಿ ಹುಟ್ಟಿಸುವ ಕಾಯಿಲ್ ಸಡಿಲವಾಗಿದೆಯೋ ಎಂದು ಒಂದು ಕೈಯಲ್ಲಿ ಅಲುಗಿಸಿದೆ. ಆಧಾರಕ್ಕೆ ಇನ್ನೊಂದು ಕೈಯನ್ನು ಎಂಜಿನ್ ಮೇಲೆ ಇಟ್ಟಿದ್ದೆ. ಅವರು ಒದ್ದರು. ಆ ಒದೆತ ನನಗೇ ಬಿದ್ದಂತಾಗಿ, ನಾನು ವಿದ್ಯಾ ಕೆಳಗಿಟ್ಟಿದ್ದ ಆರತಿತಟ್ಟೆಯ ಪಕ್ಕ ಹೋಗಿ ಕೂತಿದ್ದೆ. ವಿದ್ಯಾ ಓಡಿ ಬಂದು ಮಣಿಕಟ್ಟು ಹಿಡಿದಳು.

"ನಾಡಿ ಸರಿ ಉಂಟು," ಎಂದಳು. "ತಲೆಯದ್ದು ಹೇಳ್ಲಿಕ್ಕಾಗುದಿಲ್ಲ."

ತಲೆ ಆಗಲೇ ಮೊದಲ ಬಾರಿಗೆ ಸರಿಯಾಗಿ ಓಡಿದ್ದು. ಕರೆಂಟು ಕಾಯಿಲಿನವರೆಗೂ ಬರುತ್ತಿತ್ತು. ಅಲ್ಲಿಂದ ಚಾಸಿಯ ಮೂಲಕ ಎಂಜಿನ್ನಿಗೆ ಮರಳುವ ದಾರಿಗೆ, ಅಂದರೆ ಅರ್ತಿಗೆ, ನಾನೇ ಮೂರು ಕೋಟ್ ಬಣ್ಣ ಬಳಿದು ಬಾಗಿಲು ಹಾಕಿದ್ದೆ. ಎರಡೂ ಕಡೆ ಕೈಯಿಟ್ಟವನು ಸಿಕ್ಕಿದ್ದೇ ತಡ, ಅದು ನನ್ನ ಮೂಲಕವೇ ಹಾದುಹೋಯಿತು. ಮಲ್ಟಿಮೀಟರ್ ದೇವರ ಮುಂದಿತ್ತು, ಅದರ ಕೆಲಸ ನಾನು ಮಾಡಿದೆ.

ಗೋಳಿಬಜೆಯ ತಟ್ಟೆಗೆ ಮುಚ್ಚಿದ್ದ ಫಾಯಿಲ್ ಹರಿದು, ಹಗ್ಗದಂತೆ ಹೊಸೆದು, ಒಂದು ತುದಿಯನ್ನು ಕಾಯಿಲಿಗೂ ಇನ್ನೊಂದನ್ನು ಎಂಜಿನ್ನಿಗೂ ಸಿಕ್ಕಿಸಿದೆ. ಫಾಯಿಲ್ ಆಯುಧವಲ್ಲ, ವಿದ್ಯಾ ಏನೂ ಹೇಳುವಂತಿರಲಿಲ್ಲ. ಮುಂದಿನ ಕಿಕ್ಕಿಗೆ ಬೈಕು ಹೊಗೆಯುಗುಳಿ ಕೂಗಿತು. ಹತ್ತಿ ಗೇರ್ ಹಾಕಿದೆ, ಚಕ್ರದಡಿಯ ಲಿಂಬೆ ಪಚ್ಚೆಂದಿತು. ಜನ ಚಪ್ಪಾಳೆ ತಟ್ಟಿದರು.

ನಿಲ್ಲಿಸಲು ಕೀಲಿ ತಿರುಗಿಸಿದೆ. ಎಂಜಿನ್ ನಿಲ್ಲಲಿಲ್ಲ. ಇಂಥ ಗಾಡಿಗಳಲ್ಲಿ ಕೀಲಿಯೂ ಕಿಡಿಯನ್ನು ಅರ್ತಿಗೆ ಇಳಿಸಿಯೇ ಎಂಜಿನ್ನನ್ನು ಕೊಲ್ಲುವುದು, ಕೀಲಿಯಿಂದ ಚಾಸಿಗೆ ಬರುವ ಆ ವಯರಿನ ಬೋಲ್ಟಿನ ಬುಡವನ್ನೂ ನಾನು ಚೆಂದಕ್ಕೆ ಕಪ್ಪು ಮಾಡಿದ್ದೆ. ಫಾಯಿಲ್ ಎಳೆದರೆ ಸಾಕಿತ್ತು, ಆದರೆ ಒಮ್ಮೆ ಶಾಕ್ ತಿಂದ ಕೈ ಒಪ್ಪಲಿಲ್ಲ. ಪಾರ್ಕಿಂಗ್ ಹೊಗೆಯಲ್ಲಿ ಮುಳುಗಿತು, ಭಕ್ತರು ಗೋಳಿಬಜೆ ಸಮೇತ ಗೇಟಿನಾಚೆ ಓಡಿದರು. ಕೊನೆಗೆ ಗೇರ್ ಹಾಕಿ, ಬ್ರೇಕ್ ತುಳಿದು, ಕ್ಲಚ್ ಬಿಟ್ಟು ಉಸಿರು ಕಟ್ಟಿಸಿದೆ.

"ನಿಮ್ಮ ಗಾಡಿ ಲಿಂಬೆ ದಾಟ್ಬೇಕು ಅಂತ ಮಾತ್ರ ಹೇಳಿ, ನಿಲ್ಬೇಕು ಅಂತ ಹೇಳದ್ದು ನನ್ನ ತಪ್ಪು," ಎಂದಳು ವಿದ್ಯಾ, ಸೆರಗಿನಿಂದ ಕಣ್ಣೊರೆಸುತ್ತ. "ಇರ್ಲಿ. ಗೆದ್ದಿದ್ದೀರಿ."

ಮರುದಿನ ದೇವರ ಮುಂದಿನಿಂದ ಸಾಮಾನು ಇಳಿಸಿ, ಆ ಎರಡು ಜಾಗದ ಬಣ್ಣವನ್ನು ಲೋಹ ಕಾಣುವವರೆಗೂ ಕೆರೆದೆ. ಪಕ್ಕದಲ್ಲೇ ವಿದ್ಯಾ ಕುಂಕುಮದ ಬೊಟ್ಟು ಇಟ್ಟಳು, ಇಲ್ಲಿ ಬ್ರಷ್ ತಾಗಿಸಬಾರದೆಂಬ ಗುರುತಿಗೆ. ನೋಡಿದವರು ನನ್ನ ಭಕ್ತಿಯನ್ನು ಹೊಗಳುತ್ತಾರೆ, ನಾನು ತಿದ್ದುವುದಿಲ್ಲ. ಪಾಠವನ್ನೂ ನಿಲ್ಲಿಸಿಲ್ಲ. ಎಂಜಿನ್ನಿಗೆ ಮೂರೇ ಬೇಕು ಎಂದು ಶುರುಮಾಡಿದರೆ ಸಾಕು, ಮೇಲಿನ ಕಿಟಕಿಯಿಂದ ವಿದ್ಯಾ ನಾಲ್ಕನೆಯದು ಯಾವುದೆಂದು ಕೇಳುತ್ತಾಳೆ. ಪೇಂಟಿನ ಡಬ್ಬಿ ಹೆಂಡತಿಯ ಕಪಾಟಿನಲ್ಲಿರಬೇಕು ಎಂದು ನಾನು ಎಲ್ಲರ ಮುಂದೆ ಒಪ್ಪಿಸುತ್ತೇನೆ.