ಎಡಗಿವಿಗಳ ಕಪಾಟು

ಕಾಶಿಯಲ್ಲಿ ಕಿವಿ ಎಣಿಸುವ ಕೆಲಸಕ್ಕಿದ್ದರೆ ಫಜೀತಿಗಳು ತಾವಾಗಿಯೇ ಮನೆ ಹುಡುಕಿಕೊಂಡು ಬರುತ್ತವೆ. ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ನಾನು ಧಾರವಾಡದಿಂದ ಬಂದು ಅಲ್ಲಿನ ಪ್ರಯೋಗಾಲಯವೊಂದರಲ್ಲಿ ತಾತ್ಕಾಲಿಕ ನೌಕರಿಗೆ ಸೇರಿದ್ದೆ. ಕಿವುಡು, ತಲೆಸುತ್ತುಗಳ ಸಂಶೋಧನೆಗೆಂದು ಜನ ಸತ್ತ ಮೇಲೆ ದಾನವಾಗಿ ಬರುವ ಒಳಕಿವಿಗಳಿಗೆ ನಂಬರು ಹಚ್ಚಿ ಪಟ್ಟಿ ಮಾಡಬೇಕು. ದಾನಿಗಳು ಬದುಕಿರುವಾಗಲೇ ಒಪ್ಪಿಗೆಪತ್ರ ಬರೆಸಿಕೊಳ್ಳುವುದೂ ನನ್ನದೇ ಪಾಲು.

ಬರಣಿ

ಒಮ್ಮೆ ಕಿವಿ ಇಡುವ ಡಬ್ಬಿಗಳು ತೀರಿದವು. ಪೇಟೆಗೆ ಹೋಗಿ ಅಗಲ ಬಾಯಿಯ ಗಾಜಿನ ಬರಣಿ ಕೇಳಿದೆ.

"ಅಚಾರ್ ಯಾವುದರದು, ಬೆಹೆನ್‌ಜಿ? ಮಾವಿನಕಾಯೋ, ನಿಂಬೆಯೋ?" ಎಂದ ಅಂಗಡಿಯವ.

ತಮಾಷೆ ನೋಡೋಣವೆಂದು "ಕಿವಿಯದು" ಎಂದೆ.

ಅವನು ಹುಬ್ಬು ಕೂಡ ಏರಿಸಲಿಲ್ಲ. "ಹಾಗಾದರೆ ಸಾಸಿವೆ ಎಣ್ಣೆ ಮುಳುಗುವಷ್ಟು ಹಾಕಿ. ಇಲ್ಲದಿದ್ದರೆ ಬೂಸ್ಟು ಹಿಡಿಯುತ್ತೆ."

ಎಡ, ಎಡ, ಎಡ

ವರ್ಷ ಕಳೆದರೂ ನನ್ನ ಪಟ್ಟಿಯಲ್ಲಿ ಬರೀ ಎಡಗಿವಿ. ಕಾಶಿಯಲ್ಲಿ ಪ್ರಾಣ ಹೋಗುವಾಗ ವಿಶ್ವನಾಥನೇ ಬಂದು ಬಲಗಿವಿಯಲ್ಲಿ ತಾರಕಮಂತ್ರ ಹೇಳುತ್ತಾನೆ, ಆ ಕಿವಿಯನ್ನು ಹೇಗೆ ಕೊಡುವುದು ಎಂದು ಎಲ್ಲರದೂ ಒಂದೇ ರಾಗ.

"ಅವನು ಹೇಳಿ ಹೋದ ಮೇಲೇ ನಾವು ತೆಗೆಯೋದು" ಎಂದೆ ಒಬ್ಬ ಅಜ್ಜಿಗೆ.

"ಮಂತ್ರ ಇನ್ನೂ ಕಿವಿಯೊಳಗೇ ಇದ್ದರೆ? ಮೋಕ್ಷ ನನಗೋ, ನಿನ್ನ ಡಬ್ಬಿಗೋ?" ಎಂದಳು ಅವಳು.

ನಮ್ಮ ಪ್ರೊಫೆಸರು ಮಾತ್ರ ನಗುವ ಆಸಾಮಿಯಲ್ಲ. "ಈ ತಿಂಗಳೊಳಗೆ ಒಂದಾದರೂ ಬಲಗಿವಿಯ ಒಪ್ಪಿಗೆ ತನ್ನಿ. ಇಲ್ಲದಿದ್ದರೆ ಊರಿಗೆ ಟಿಕೆಟ್ ಮಾಡಿಸಿ" ಎಂದರು. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಷರತ್ತು

ಕೇದಾರ ಘಾಟಿನಲ್ಲಿ ನಮ್ಮ ಕಡೆಯ ಯಾತ್ರಿಕರಿಗೆ ಕರ್ಮ ಮಾಡಿಸುವ ಭಟ್ಟರೊಬ್ಬರಿದ್ದರು. ಅವರ ಬಲಗಿವಿ ಪೂರ್ತಿ ಕಿವುಡು. ಸಂಶೋಧನೆಗೆ ಬೇಕಾದದ್ದೇ ಅಂಥದ್ದು. ಎಡಗಿವಿಯ ಪಕ್ಕ ಕೂತು ವಿಷಯ ತಿಳಿಸಿದೆ.

"ನನಗೂ ಅದೇ ಚಿಂತೆ ಕಣಮ್ಮಾ. ವಿಶ್ವನಾಥ ಬಂದು ಈ ಕಿವಿಯಲ್ಲಿ ಹೇಳಿದರೆ ನನಗೇನು ಕೇಳಿಸುತ್ತೆ?"

"ಎಡಗಿವ್ಯಾಗ ಹೇಳಿಸ್ಕೊಳ್ರಿ ಭಟ್ಟರೇ. ಬಲಗಿವಿ ನಮಗಿರಲಿ."

ಅಡುಗೆಮನೆಯಿಂದ ಅವರ ಹೆಂಡತಿ ಕೂಗಿದರು: "ಬಾಯಿಮಾತು ಬೇಡ, ಬರವಣಿಗೆಯಲ್ಲಿ ಆಗಲಿ!"

ಒಪ್ಪಿಗೆಪತ್ರದಲ್ಲಿ 'ವಿಶೇಷ ಷರತ್ತು' ಎಂದೊಂದು ಖಾಲಿ ಜಾಗವಿತ್ತು. ಭಟ್ಟರು ಹೇಳಿದಂತೆಯೇ ಅಲ್ಲಿ ಬರೆದೆ: "ತಾರಕಮಂತ್ರವನ್ನು ಎಡಗಿವಿಯಲ್ಲಿಯೇ ಹೇಳತಕ್ಕದ್ದು." ಅವರು ಸಮಾಧಾನವಾಗಿ ಸಹಿ ಹಾಕಿದರು.

ಮರುದಿನ ಪ್ರೊಫೆಸರು ಅದನ್ನು ಎರಡು ಸಲ ಓದಿದರು. ನನ್ನ ನೌಕರಿ ಹೋಯಿತೆಂದೇ ತಿಳಿದೆ. ಅವರು ಪೆನ್ನು ತೆಗೆದು ರುಜು ಹಾಕಿ, ಮುಖ ಗಂಟಿಕ್ಕಿಕೊಂಡೇ ಕೆಳಗೊಂದು ಸಾಲು ಸೇರಿಸಿದರು:

"ಪ್ರತಿ: ಶ್ರೀ ವಿಶ್ವನಾಥ, ಸೂಕ್ತ ಕ್ರಮಕ್ಕಾಗಿ."