ಟಿಟ್ಟಿಭದ ಈವರೆಗಿನ ಕೊನೆಯ ಸಂಕೇತ

ತಳೇಗಾಂವ ದಾಭಾಡೆಯ ನಮ್ಮ ಇಂಜಿನಿಯರಿಂಗ್ ಕಾಲೇಜಿನ ಉಪಗ್ರಹ ‘ಟಿಟ್ಟಿಭ’ವು ಕಳೆದ ವರ್ಷ ಆಷಾಢದ ಮೊದಲ ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ, ಆಡಳಿತ ಮಂಡಳಿಯ ಸಭೆಯಲ್ಲಿ, ಸರ್ವಾನುಮತದಿಂದ ನಿಧನ ಹೊಂದಿತು. ಚಹಾ ಆದ ಮೇಲೆ ನಿಧನ ಹೊಂದಲಿ ಎಂದು ಒಬ್ಬ ಸದಸ್ಯರು ಸೂಚಿಸಿದ್ದರು, ಅನುಮೋದಿಸುವವರು ಸಿಗಲಿಲ್ಲ.

ಹದಿನೆಂಟು ವರ್ಷಗಳ ಹಿಂದೆ ವಿದ್ಯಾರ್ಥಿಗಳು ಕೈಯಾರೆ ಕಟ್ಟಿದ ಈ ಹವ್ಯಾಸಿ ರೇಡಿಯೊ ಉಪಗ್ರಹಕ್ಕೆ ಎರಡು ವರ್ಷದ ಆಯುಸ್ಸು ಮಂಜೂರಾಗಿತ್ತು. ಉಳಿದ ಹದಿನಾರು ವರ್ಷ ಅದು ಯಾರ ಅನುಮತಿಯೂ ಇಲ್ಲದೆ ಬದುಕಿತು. ಬ್ಯಾಟರಿ ಎಂದೋ ಹೋಗಿದೆ. ಬಿಸಿಲು ಬಿದ್ದರೆ ಏಳುತ್ತದೆ, ಭೂಮಿಯ ನೆರಳಿಗೆ ಸರಿದರೆ ಆರುತ್ತದೆ. ಮನಸ್ಸಾದರೆ ತನ್ನ ಮೈಯ ಬಿಸಿ ಎಷ್ಟೆಂದು ಮೋರ್ಸ್ ಸಂಕೇತದಲ್ಲಿ ಹೇಳುತ್ತದೆ, ಇಲ್ಲವಾದರೆ ವಾರಗಟ್ಟಲೆ ಮುನಿದು ಕೂರುತ್ತದೆ. ಇಂಥ ನಡತೆಗೆ ಸೇವಾ ನಿಯಮಗಳಲ್ಲಿ ಅವಕಾಶವಿಲ್ಲ.

ಅದನ್ನು ಕೇಳಲು ತಾರಸಿಯ ಮೇಲೆ ಸಾಬವ್ವ ಇದ್ದಾಳೆ. ಕಸ ಗುಡಿಸಲು ಬಂದವಳು. ರದ್ದಿಗೆ ಹಾಕಿದ್ದ ಪುಸ್ತಕದಿಂದ ಮೋರ್ಸ್ ಕಲಿತು, ಮೂರನೇ ಸಲಕ್ಕೆ ಲೈಸೆನ್ಸ್ ಪರೀಕ್ಷೆ ಪಾಸಾಗಿ, ಕೇಳುವ ಹುದ್ದೆಗೇರಿದಳು. ಆಂಟೆನಾ ತಿರುಗಿಸುವ ಮೋಟರು ಕೆಟ್ಟು ಹನ್ನೊಂದು ವರ್ಷವಾಯಿತು. ಅಂದಿನಿಂದ ಹಿಡಿಕೆ ಹಿಡಿದು ಕೈಯಲ್ಲೇ ತಿರುಗಿಸುತ್ತಾಳೆ. ಮೋಟರಿಗೆ ದಾನಿಗಳು ಸಿಗಲಿಲ್ಲ. ಸ್ಮಾರಕಕ್ಕೆ ಸಿಕ್ಕರು. ಶಿರೂರಿನ ಈರುಳ್ಳಿ ವ್ಯಾಪಾರಿಯೊಬ್ಬರು ‘ದಿವಂಗತ ಟಿಟ್ಟಿಭ ಸ್ಮಾರಕ ಸಭಾಂಗಣ’ ಕಟ್ಟಿಸಿಕೊಟ್ಟರು. ಕಟ್ಟಡ ಮುಗಿದ ಮೇಲೆ ಟಿಟ್ಟಿಭ ಸಾಯುವುದೊಂದೇ ಬಾಕಿ ಇತ್ತು.

ನಿಧನಪತ್ರಕ್ಕೆ ಕೊನೆಯ ಸಂಕೇತ ಕೇಳಿದವರ ಸಹಿ ಬೇಕು. ಸಹಿ ಬಿದ್ದ ತಿಂಗಳೇ ಕೇಳುವ ಹುದ್ದೆ ರದ್ದಾಗಿ, ಸಾಬವ್ವ ಮತ್ತೆ ಕಸಬರಿಗೆಗೆ.

“ಸಾಬವ್ವಾ, ಇಲ್ಲೊಂದು ಸಹಿ ಮಾಡ್ರಿ,” ಎಂದರು ಪ್ರಾಚಾರ್ಯ ಪ್ರಲ್ಹಾದ ಇನಾಮದಾರರು. “ಕೊನೀ ಸಂಕೇತ ನೀವ ಕೇಳೀರಿ ಅಂತ ಅದ.”

“ಕೊನೀದು ಹೆಂಗ ಆಗತೈತ್ರಿ ಸರ? ಇವತ್ತ ಮುಂಜಾನೆನೂ ಮಾತಾಡೇತಿ.”

“ಏನಂತು?”

“ಮೈ ಇಪ್ಪತ್ತೆರಡು ಡಿಗ್ರಿ ಅಂತು. ನಿಮಗಿಂತ ಆರಾಮ ಐತ್ರಿ.”

ರಿಜಿಸ್ಟ್ರಾರ್ ಶ್ರೀಕಂಠಯ್ಯನವರು ಮೈಸೂರಿನವರು, ಕಡತ ಬಲ್ಲವರು. “ನೋಡಮ್ಮ, ರೆಸಲ್ಯೂಷನ್ ಪ್ರಕಾರ ಅದು ಮಂಗಳವಾರಾನೇ ಹೋಗಿದೆ. ಆಮೇಲೆ ಅದು ಏನೇ ಮಾತಾಡಿದ್ರೂ ಅದರ ವೈಯಕ್ತಿಕ ಅಭಿಪ್ರಾಯ.”

“ಕಸಬರಿಗಿ ಕೊಡ್ರಿ, ಹಿಡೀತೀನಿ. ಸುಳ್ಳ ಮಾತ್ರ ಬರಿಯಂಗಿಲ್ಲ.”

ಸಹಿ ಬಾಕಿ ಇರುವಾಗಲೇ ಶನಿವಾರ ಶ್ರದ್ಧಾಂಜಲಿ ಸಭೆ ನಡೆಯಿತು. ಹೊಸ ಸಭಾಂಗಣಕ್ಕೆ ಧ್ವನಿವರ್ಧಕ ಮಂಜೂರಾಗಿರಲಿಲ್ಲ; ರೇಡಿಯೊ ಕೋಣೆಯದನ್ನೇ, ವೈರು ಬಿಚ್ಚದೆ, ಕೆಳಗಿಳಿಸಿದ್ದರು. ದಾನಿಗಳು ಫೋಟೊಗೆ ಹಾರ ಹಾಕಿದರು. ಎರಡು ನಿಮಿಷದ ಮೌನ ಶುರುವಾಯಿತು. ಐವತ್ತನೇ ಸೆಕೆಂಡಿಗೆ ಧ್ವನಿವರ್ಧಕ ಪೀಪೀ ಎನ್ನತೊಡಗಿತು. ತಾರಸಿಯಲ್ಲಿ ಸಾಬವ್ವ ಎಂದಿನಂತೆ ಹಿಡಿಕೆ ತಿರುಗಿಸುತ್ತಿದ್ದಳು.

“ಹೇ ಕಾಯ ಆಹೆ?” ಇದೇನೆಂದು ದಾನಿಗಳು ಮರಾಠಿಯಲ್ಲಿ ಕೇಳಿದರು.

“ದಿವಂಗತರು,” ಎಂದರು ಶ್ರೀಕಂಠಯ್ಯ, ಬೇರೆ ಸುಳ್ಳು ಹುಡುಕಲು ಸಮಯವಿಲ್ಲದೆ.

ಮೋರ್ಸ್ ಬಲ್ಲವರು ಬೇರೆ ಯಾರೂ ಇರಲಿಲ್ಲವಾಗಿ ಸಾಬವ್ವನನ್ನು ಕರೆಸಿದರು. ಬ್ಯಾಟರಿ ಸೊನ್ನೆ, ಬಿಸಿಲು ಚೆನ್ನಾಗಿದೆ, ಮೈ ಇಪ್ಪತ್ತಮೂರು ಎಂದು, ಮೇಲೆ ಬರೆದುಕೊಂಡದ್ದನ್ನು ಅವಳು ಓದಿ ಹೇಳಿದಳು. ದಾನಿಗಳ ಕಣ್ಣು ತುಂಬಿ ಬಂತು. ಅವರು ಎಷ್ಟೋ ಶ್ರದ್ಧಾಂಜಲಿ ಸಭೆಗಳಿಗೆ ಹೋದವರು. ಮೃತರು ಖುದ್ದು ಹಾಜರಾದದ್ದು ಇದೇ ಮೊದಲು. ಪ್ರತಿ ಶನಿವಾರ ಸಭೆಯಾಗಬೇಕು, ಮೃತರು ಬರಲೇಬೇಕು, ತಪ್ಪಿದರೆ ಸಭಾಂಗಣಕ್ಕೆ ತಾವು ಕಟ್ಟಿಸಲಿರುವ ಎರಡನೇ ಅಂತಸ್ತು ಇಲ್ಲ ಎಂದು ಘೋಷಿಸಿದರು.

ಈಗ ಟಿಟ್ಟಿಭ ಸತ್ತಿರಲೂ ಬೇಕು, ಮಾತಾಡಲೂ ಬೇಕು. ನಿಧನಪತ್ರ ಮತ್ತೆ ತಾರಸಿ ಹತ್ತಿತು. ಸಾಬವ್ವ ಪೆನ್ನು ತೆಗೆದು, ‘ಕೊನೆಯ ಸಂಕೇತ’ ಎಂಬ ಮಾತಿನ ಮೊದಲಿಗೆ ‘ಈವರೆಗಿನ’ ಎಂದು ಸೇರಿಸಿ, ಸಹಿ ಹಾಕಿದಳು.

“ಇದೇನು ಬರ್ದ್ರಿ?” ಎಂದರು ಪ್ರಲ್ಹಾದರು.

“ಸುಳ್ಳ ಏನೈತ್ರಿ ಇದರಾಗ?”

ಶ್ರೀಕಂಠಯ್ಯನವರು ನಿಯಮ ತೆಗೆದು ನೋಡಿದರು. ನಿಧನಪತ್ರ ಇರಬೇಕೆಂದಿತ್ತು, ಒಂದೇ ಇರಬೇಕೆಂದಿರಲಿಲ್ಲ. ಅಂದೇ ಆದೇಶ ಹೊರಟಿತು: “ದಿವಂಗತರು ಮಾತಾಡಿದಾಗಲೆಲ್ಲ ಹೊಸ ನಿಧನಪತ್ರ ಪಡೆಯತಕ್ಕದ್ದು. ಈ ಕಾರ್ಯಕ್ಕಾಗಿ ಕೇಳುವ ಹುದ್ದೆಯನ್ನು, ದಿವಂಗತರು ಸಾಯುವವರೆಗೆ ಮುಂದುವರಿಸಲಾಗಿದೆ.”

ಕಳೆದ ತಿಂಗಳ ಹೊತ್ತಿಗೆ ಮುನ್ನೂರ ಹನ್ನೆರಡು ನಿಧನಪತ್ರಗಳಾಗಿದ್ದವು. ಆಗ ಟಿಟ್ಟಿಭ ಮುನಿಯಿತು. ಒಂಬತ್ತು ದಿನ ಸದ್ದಿಲ್ಲ. ಅದರ ನಿಧನಕ್ಕೆ ಕೈ ಎತ್ತಿದ್ದ ಸದಸ್ಯರೆಲ್ಲ ಫೋನು ಮಾಡಿ ಆರೋಗ್ಯ ವಿಚಾರಿಸಿದರು. ಪ್ರಾಚಾರ್ಯರು ಗಣಪತಿಗೆ ಹೇಳಿಕೊಂಡರು. ಫಲಕದಲ್ಲಿ ಪ್ರಕಟಣೆ ಬಿತ್ತು: “ದಿವಂಗತರು ಲಭ್ಯರಿಲ್ಲದ ಕಾರಣ ಈ ಶನಿವಾರದ ಶ್ರದ್ಧಾಂಜಲಿ ಸಭೆಯನ್ನು ಮುಂದೂಡಲಾಗಿದೆ.” ವಿದ್ಯಾರ್ಥಿಗಳು ಓದಿಕೊಂಡು ಕ್ಲಾಸಿಗೆ ಹೋದರು. ಸಾಬವ್ವ ಒಂಬತ್ತು ದಿನವೂ ಖಾಲಿ ಆಕಾಶಕ್ಕೆ ಆಂಟೆನಾ ತಿರುಗಿಸಿದಳು.

ಹತ್ತನೆಯ ಬೆಳಿಗ್ಗೆ ಒಂಬತ್ತೂ ಇಪ್ಪತ್ತಕ್ಕೆ ಪೀಪೀ ಎಂದಿತು. ಪ್ರಲ್ಹಾದರು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿದರು.

“ಏನಂತದ?”

“ಮೈ ಇಪ್ಪತ್ತೆರಡು ಅಂತೈತ್ರಿ.”

“ಗಣಪ್ಪ ಕಾಪಾಡಿದ! ಲಗೂನ ನಿಧನಪತ್ರ ಬರೀರಿ.”

“ಬರೀತೀನ್ರಿ. ಆ ಮೋಟರಿಂದು ಏನಾತ್ರಿ ಸರ?”

ಪ್ರಾಚಾರ್ಯರಿಗೆ ನಿಜಕ್ಕೂ ಆಶ್ಚರ್ಯವಾಯಿತು. “ಸತ್ತವರ ಸಲುವಾಗಿ ಮೋಟರ ಹೆಂಗ ಕೊಡಸೂದ್ರಿ, ಸಾಬವ್ವಾ?”

ಅದೂ ನಿಯಮದಲ್ಲಿತ್ತು. ಸಾಬವ್ವ ಬಲಗೈಯಲ್ಲಿ ಹಿಡಿಕೆ ತಿರುಗಿಸುತ್ತಲೇ, ಎಡಗೈಯಲ್ಲಿ ಮುನ್ನೂರ ಹದಿಮೂರನೆಯದಕ್ಕೆ ಸಹಿ ಹಾಕಿದಳು.