ಖಾಲಿ ಕುರ್ಚಿಗೆ ಕ್ಷೌರ

ಎಲ್ಲಕ್ಕೂ ಮೂಲ ಭಾನುವಾರ ಚರ್ಚಿನಲ್ಲಿ ಕೇಳಿದ ಉಪದೇಶ. "ದೇವರು ನಿಮ್ಮ ತಪ್ಪು ಹುಡುಕೋ ಇನ್‌ಸ್ಪೆಕ್ಟರ್ ಅಲ್ಲ, ಗೆಳೆಯ. ಗೆಳೆಯನ ಹತ್ರ ಹೇಗೆ ಮಾತಾಡ್ತೀರೋ ಹಾಗೇ ಮಾತಾಡಿ" ಎಂದು ಪಾದ್ರಿಗಳು ಹೇಳಿ ಮುಗಿಸಿದಾಗ, ಮುಂದಿನ ಬೆಂಚಿನಲ್ಲಿ ಕೂತಿದ್ದ ಕ್ಷೌರದಂಗಡಿಯವನಿಗೆ ಕಾಲಡಿಯ ನೆಲವೇ ಸರಿದಂತಾಯಿತು.

ಬೀದಿಯವರು ಅವನನ್ನು ಕರೆಯುತ್ತಿದ್ದದ್ದು ನೇಮದಣ್ಣ ಎಂದು. ಉಪವಾಸದ ದಿನ ನೀರನ್ನೂ ಅಳೆದು ಕುಡಿಯುವ ಆಸಾಮಿ. ಪ್ರಾರ್ಥನೆಯ ನಡುವೆ ಕೆಮ್ಮು ಬಂದರೆ ಮತ್ತೆ ಮೊದಲಿನಿಂದ ಶುರು. ಇದೆಲ್ಲ ಭಕ್ತಿ ಎಂದು ಬೀದಿ ನಂಬಿತ್ತು. ಭಯ ಎಂದು ಅವನೊಬ್ಬನಿಗೇ ಗೊತ್ತಿತ್ತು. ಒಂದೇ ಒಂದು ಸಲ, ಎದೆ ಹೊಡೆದುಕೊಳ್ಳದೆ, ದೇವರ ಎದುರು ನಿಲ್ಲಬೇಕೆಂಬ ಆಸೆ ಅವನಿಗೆ ಎಷ್ಟೋ ವರ್ಷಗಳದ್ದು.

ಸೋಮವಾರ ಬೆಳಿಗ್ಗೆ ಮಂಚದ ಪಕ್ಕ ಮಂಡಿಯೂರಿ, "ಏನಪ್ಪಾ, ಹೇಗಿದ್ದೀಯ" ಅನ್ನಲು ಬಾಯಿ ತೆರೆದ. ಹೊರಗೆ ಬಂದದ್ದು ಚಿಕ್ಕಂದಿನಿಂದ ಬಾಯಿಪಾಠ ಮಾಡಿದ ಪ್ರಾರ್ಥನೆ. ಇನ್ನೊಮ್ಮೆ ತೆರೆದ. ಅದೇ ಪ್ರಾರ್ಥನೆ, ಇನ್ನಷ್ಟು ವೇಗವಾಗಿ.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹೆಂಡತಿಗೆ ತಡೆಯಲಾಗಲಿಲ್ಲ. "ಅಲ್ಲಾ ರೀ, ಅಂಗಡೀಲಿ ಗಿರಾಕಿ ಕೂತ್ರೆ ನಿಮ್ಮ ಬಾಯಿ ಮುಚ್ಚಿಸೋಕೆ ಯಾರಿಂದಲೂ ಆಗಲ್ಲ. ದೇವರ ಮುಂದೆ ಮಾತ್ರ ಅತ್ತೆ ಮನೆಗೆ ಬಂದ ಹೊಸ ಅಳಿಯನ ಹಾಗೆ ಮುದುರಿಕೊಳ್ತೀರಲ್ಲ."

ನೇಮದಣ್ಣನಿಗೆ ತಲೆಯೊಳಗೆ ದೀಪ ಹತ್ತಿತು. ಹೌದಲ್ಲ, ಅವನ ಕೈಯಲ್ಲಿ ಕತ್ತರಿ ಆಡಿದರೆ ಮಾತ್ರ ಬಾಯಲ್ಲಿ ನಾಲಿಗೆ ಆಡುತ್ತಿತ್ತು.

ಸೋಮವಾರ ಅಂಗಡಿಗೆ ಜನ ಕಡಿಮೆ. ಅವನು ಬಾಗಿಲಿನ ಪರದೆ ಎಳೆದು, ಖಾಲಿ ಕುರ್ಚಿಗೆ ಬಿಳಿ ಬಟ್ಟೆ ಹೊದಿಸಿ, ತಲೆ ಇರಬೇಕಾದ ಜಾಗದಲ್ಲಿ ಬಾಚಣಿಗೆ ಹಿಡಿದು ಕತ್ತರಿ ಆಡಿಸಿದ. ಕಚಕ್, ಕಚಕ್.

"ಏನು ಸ್ವಾಮಿ, ಈ ಕಡೆ ಬಂದು ಬಹಳ ದಿನ ಆಯ್ತು" ಎಂದು ಬಾಯಿ ತಾನಾಗಿಯೇ ಶುರುವಾಯಿತು. "ಸ್ವಲ್ಪ ತಲೆ ಬಗ್ಗಿಸಿ. ಹಾಂ, ಅಷ್ಟು ಸಾಕು."

ಆದರೆ ಕ್ಷೌರದಂಗಡಿಯವನಿಗೆ ಗೊತ್ತಿದ್ದ ಸ್ನೇಹ ಒಂದೇ ಬಗೆಯದು: ಬೀದಿಯ ಸುದ್ದಿ ಹಂಚಿಕೊಳ್ಳುವುದು.

ಗಡ್ಡ ಮಾಡಿಸಲು ಬಂದ ಬೇಕರಿಯವನು ಪರದೆಗೆ ಕೈ ಹಾಕುವ ಹೊತ್ತಿಗೆ ಒಳಗಿನಿಂದ ಕೇಳಿಸಿತು. "ಪಕ್ಕದ ಬೇಕರಿಯವನು ಒಳ್ಳೆ ಮನುಷ್ಯ. ಆದ್ರೆ ನಿನ್ನೆ ಉಳಿದ ಬನ್ನು ಬಿಸಿ ಮಾಡಿ ಇವತ್ತಿಂದು ಅಂತ ಮಾರ್ತಾನೆ. ನೀನೇ ಏನಾದ್ರೂ ನೋಡಪ್ಪ."

ಬೇಕರಿಯವನು ಪರದೆಯ ಸಂದಿಯಿಂದ ಇಣುಕಿದ. ಕುರ್ಚಿ ಖಾಲಿ. ಅವನು ಎದುರು ಮನೆಗೆ ಓಡಿ ಮೇಷ್ಟ್ರನ್ನು ಎಳೆದುಕೊಂಡು ಬಂದ. "ಮೇಷ್ಟ್ರೇ, ನಮ್ಮ ನೇಮದಣ್ಣನಿಗೆ ತಲೆ ಕೆಟ್ಟಿದೆ. ಗಾಳಿಗೆ ಕ್ಷೌರ ಮಾಡ್ತಿದ್ದಾನೆ."

"ಶ್, ಕೇಳಿಸ್ಕೊಳ್ಳೋಣ ಇರಿ" ಎಂದರು ಮೇಷ್ಟ್ರು, ಗಂಭೀರವಾಗಿ.

"ಮೇಷ್ಟ್ರ ತಲೆ ನೋಡಿದ್ದೀಯಲ್ಲ, ಕಾಗೆ ಹಾಗೆ ಕಪ್ಪು? ನಾನು ಬಳಿದದ್ದು ಕಣಪ್ಪ. ಅವರ ಮನೆಯವರಿಗೂ ಗೊತ್ತಿಲ್ಲ."

ಮೇಷ್ಟ್ರು ತಲೆ ಮುಟ್ಟಿ ನೋಡಿಕೊಂಡರು. ಬೇಕರಿಯವನಿಗೆ ತನ್ನ ಬನ್ನಿನ ದುಃಖ ಅರ್ಧ ಇಳಿಯಿತು. ಅಷ್ಟರಲ್ಲಿ ಊಟದ ಡಬ್ಬಿ ಹಿಡಿದು ಬಂದ ನೇಮದಣ್ಣನ ಹೆಂಡತಿ, "ಏನ್ರಣ್ಣ, ಯಾಕೆ ಹೀಗೆ ನಿಂತಿದ್ದೀರಿ" ಎಂದು ತಾನೂ ಕಿವಿಯಿಟ್ಟಳು.

"ನನ್ನವಳು ಚಿನ್ನದಂಥವಳು. ಅಡುಗೆಗೆ ಮಾತ್ರ ಸಮುದ್ರವನ್ನೇ ಸುರೀತಾಳೆ."

ಅವಳು ಡಬ್ಬಿಯನ್ನು ಕಂಕುಳಿಗೆ ಸೇರಿಸಿ ಪರದೆಗೆ ಇನ್ನಷ್ಟು ಒರಗಿದಳು.

ಒಳಗೆ ಕತ್ತರಿ ನಿಧಾನವಾಯಿತು. "ಅದೆಲ್ಲ ಇರಲಿ ಬಿಡು. ನನ್ನ ವಿಷಯ ಹೇಳ್ತೀನಿ. ನನಗೆ ನಿನ್ನ ಕಂಡ್ರೆ ಭಯ ಕಣೋ. ಉಪವಾಸ ಮಾಡಿದ್ದು ಭಯಕ್ಕೆ, ಮಂಡಿ ಸವೆಸಿದ್ದು ಭಯಕ್ಕೆ. ಇಷ್ಟು ವರ್ಷದಲ್ಲಿ ಒಂದಿನ ನಿನ್ನ ಮುಖ ಎತ್ತಿ ನೋಡ್ಲಿಲ್ಲ. ಇವತ್ತು ನೋಡು, ಕೈ ನಡುಗ್ತಿಲ್ಲ. ನಾಳೆನೂ ಬರ್ತೀಯಾ?"

ಕನ್ನಡಿಯ ಮೇಲೆ ಬಿಸಿಲು ಬಿದ್ದಿತ್ತು. ಬಿಳಿ ಬಟ್ಟೆ ಫ್ಯಾನಿನ ಗಾಳಿಗೆ ಮೆಲ್ಲಗೆ ಉಬ್ಬಿ ಇಳಿಯಿತು, ಯಾರೋ ಉಸಿರಾಡಿದ ಹಾಗೆ. ನೇಮದಣ್ಣ ನಕ್ಕ.

ಆ ಕ್ಷಣಕ್ಕೇ ಹೊರಗಿನ ಮೂವರ ಭಾರ ತಾಳದೆ ಪರದೆ ಕಂಬಿಸಮೇತ ಕಿತ್ತುಬಂತು.

ಆಮೇಲಿನ ಗದ್ದಲ ಪಾದ್ರಿಗಳ ಮನೆಯವರೆಗೂ ಮುಟ್ಟಿತು. ಅವರು ಚಪ್ಪಲಿಯನ್ನೂ ಸರಿಯಾಗಿ ಮೆಟ್ಟದೆ ಬಂದರು. "ನೀವೆಲ್ಲ ಹೊರಗಿರಿ" ಎಂದು ಬಾಗಿಲು ಹಾಕಿಕೊಂಡರು. ನೇಮದಣ್ಣ ಕೈಕಟ್ಟಿ ನಿಂತ.

"ನೀವೇ ಹೇಳಿದ್ರಲ್ಲ ಫಾದರ್, ಗೆಳೆಯನ ಹಾಗೆ ಅಂತ."

"ಹೇಳಿದೆ, ಹೇಳಿದೆ." ಪಾದ್ರಿಗಳು ದನಿ ತಗ್ಗಿಸಿದರು. "ಅದು ಬಿಡು. ಮಾತಿನ ಮಧ್ಯೆ ನನ್ನ ವಿಷಯ ಏನಾದ್ರೂ ಬಂತಾ? ಅದೇ, ಹೋದ ವಾರ ಈ ಕುರ್ಚೀಲಿ ಕೂತು ಹೇಳಿದ್ದು?"

"ರಾತ್ರಿ ಪ್ರಾರ್ಥನೆಗೆ ಮಂಡಿಯೂರಿದ ತಕ್ಷಣ ನಿದ್ದೆ ಹೋಗ್ತೀನಿ ಅಂದ್ರಲ್ಲ, ಅದಾ? ಇಲ್ಲ ಫಾದರ್. ಅದನ್ನ ನಾಳೆಗೆ ಇಟ್ಕೊಂಡಿದ್ದೆ."

ಪಾದ್ರಿಗಳು ಬಾಗಿಲು ತೆರೆದು ಹೊರಗೆ ಬಂದರು. "ನೋಡಿ, ದೇವರ ಸ್ನೇಹ ದೊಡ್ಡದು. ಆದ್ರೆ ಸ್ನೇಹಕ್ಕೂ ಒಂದು ಕ್ರಮ ಬೇಕು. ಇನ್ಮೇಲೆ ನೇಮದಣ್ಣ ಮನೇಲೇ ಮಂಡಿಯೂರಿ, ಕೈ ಜೋಡಿಸಿ, ಬಾಯಿಪಾಠದ ಪ್ರಾರ್ಥನೆ ಮಾತ್ರ ಮಾಡ್ತಾನೆ. ಸ್ವಂತ ಮಾತು ಸೇರಿಸೋ ಹಾಗಿಲ್ಲ."

ಬೇಕರಿಯವನೂ ಮೇಷ್ಟ್ರೂ ಇಷ್ಟು ಮನಸಾರೆ ಆಮೆನ್ ಎಂದದ್ದು ಅದೇ ಮೊದಲು.

ಸಂಜೆಯ ಊಟಕ್ಕೆ ಉಪ್ಪೇ ಇರಲಿಲ್ಲ. ನೇಮದಣ್ಣ ಅದನ್ನೇ ಉಂಡು, ಮಂಚದ ಪಕ್ಕ ಮಂಡಿಯೂರಿ, ಅದೇ ಹಳೆಯ ಪ್ರಾರ್ಥನೆ ಒಪ್ಪಿಸತೊಡಗಿದ. ಒಂದಕ್ಷರ ಆಚೀಚೆ ಇಲ್ಲ. ಬಾಗಿಲಲ್ಲಿ ಹೆಂಡತಿ ಕಾವಲು ನಿಂತಿದ್ದಳು.

ಸ್ವಲ್ಪ ಹೊತ್ತಿನಲ್ಲಿ ಅವಳ ಕಣ್ಣು ಅವನ ಕೈಯ ಮೇಲೆ ಹೋಯಿತು. ಜೋಡಿಸಿದ ಕೈಯಿಂದ ಎರಡು ಬೆರಳು ಮಾತ್ರ ತಪ್ಪಿಸಿಕೊಂಡು ಕತ್ತರಿಯ ಹಾಗೆ ತೆರೆದು ಮುಚ್ಚುತ್ತಿದ್ದವು. ಮುಖದ ಮೇಲೆ ಮಧ್ಯಾಹ್ನದ ಅದೇ ನಗು.

ಅವಳು ಬಾಗಿಲ ಕಾವಲು ಬಿಟ್ಟಳು. ಆಮೇಲೆ ಅಡುಗೆಮನೆಗೆ ತಿರುಗುತ್ತಾ ಹೇಳಿದಳು:

"ಉಪ್ಪಿನ ವಿಷಯ ಒಂದು ಬಿಟ್ಟು ಏನು ಬೇಕಾದ್ರೂ ಹೇಳ್ಕೊಳ್ಳಿ."